ಯಾರ ಗೊಡವೆಗೂ ಹೋಗದ ಅನಿಲಗಳನ್ನು ಚಿಕಿತ್ಸೆಯಲ್ಲಿ ಬಳಸುವ ಬಗೆ

ಜಡಾನಿಲಗಳು ಯಾವುದರೊಂದಿಗೂ ಬೆರೆಯುವುದಿಲ್ಲ, ಆದ್ದರಿಂದ ದೇಹಕ್ಕೆ ಏನನ್ನೂ ಮಾಡುವುದಿಲ್ಲ ಎಂದು ನಂಬಿಕೊಂಡು ಆಸ್ಪತ್ರೆಯ ಕೆಲಸಕ್ಕೆ ಬರುವ ಹೊಸಬರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆ ಮಾತಿನ ಮೊದಲರ್ಧ ಹೆಚ್ಚುಕಡಿಮೆ ನಿಜ. ಎರಡನೆಯ ಅರ್ಧವನ್ನು ನಂಬಿದರೆ ರೋಗಿಯ ಜೀವಕ್ಕೇ ಸಂಚಕಾರ. ನಾನು ಅರಿವಳಿಕೆ ವೈದ್ಯೆ. ನಮ್ಮ ಕೆಲಸ ಆಪರೇಷನ್ ಥಿಯೇಟರಿನಲ್ಲಿ ಮುಗಿಯುವುದಿಲ್ಲ. ಐಸಿಯು, ಎಂಆರ್‌ಐ ಕೋಣೆ, ಎಂಡೋಸ್ಕೋಪಿ, ಹೃದಯಕ್ಕೆ ಕೊಳವೆ ಹಾಯಿಸಿ ಚಿಕಿತ್ಸೆ ಕೊಡುವ ಕ್ಯಾತ್ ಲ್ಯಾಬ್ ಹೀಗೆ ಎಲ್ಲ ಕಡೆಯಿಂದಲೂ ಕರೆ ಬರುತ್ತದೆ. ಹೋದಲ್ಲೆಲ್ಲ ಈ ಗುಂಪಿನ ಯಾವುದಾದರೊಂದು ಅನಿಲ ಸದ್ದಿಲ್ಲದೆ ದುಡಿಯುತ್ತಿರುತ್ತದೆ.

ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್, ರೇಡಾನ್. ಇವುಗಳ ಹೊರಕವಚ ಎಲೆಕ್ಟ್ರಾನುಗಳಿಂದ ಭರ್ತಿಯಾಗಿರುವುದರಿಂದ ಕೊಡುವುದೂ ಇಲ್ಲ, ಕೊಳ್ಳುವುದೂ ಇಲ್ಲ. (1962ರಲ್ಲಿ ನೀಲ್ ಬಾರ್ಟ್ಲೆಟ್ ಕ್ಸೆನಾನಿನ ಸಂಯುಕ್ತವನ್ನು ತಯಾರಿಸಿ ಈ ಮಾತನ್ನು ಸುಳ್ಳಾಗಿಸಿದರು. ಆದರೆ ಅದಕ್ಕೆ ಪ್ಲಾಟಿನಂ ಹೆಕ್ಸಾಫ್ಲೋರೈಡಿನಂಥ ಉಗ್ರ ವಸ್ತು ಬೇಕಾಯಿತು. ನಮ್ಮ ರಕ್ತದಲ್ಲಿ ಅಂಥದ್ದು ಯಾವುದೂ ಇಲ್ಲ.) ರಾಸಾಯನಿಕ ಕ್ರಿಯೆಯನ್ನು ಬದಿಗಿಟ್ಟರೆ ಉಳಿಯುವುದು ಭೌತಿಕ ಗುಣಗಳು. ಹಾಗಾಗಿ ಜಡಾನಿಲದ ಸಿಲಿಂಡರ್ ಎದುರಾದಾಗಲೆಲ್ಲ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಇಲ್ಲಿ ಇದರ ಯಾವ ಗುಣವನ್ನು ದುಡಿಸಿಕೊಳ್ಳುತ್ತಿದ್ದೇವೆ? ಹಗುರವನ್ನೇ, ತಂಪನ್ನೇ, ಕೊಬ್ಬಿನಲ್ಲಿ ಕರಗುವುದನ್ನೇ, ವಿದ್ಯುತ್ತಿಗೆ ದಾರಿ ಬಿಡುವುದನ್ನೇ? ಉತ್ತರ ತಿಳಿದರೆ ಅಪಾಯ ಯಾವ ಕಡೆಯಿಂದ ಬರುತ್ತದೆ ಎಂಬುದೂ ತಿಳಿಯುತ್ತದೆ.

ಒಂದು ಅಪಾಯ ಮಾತ್ರ ಎಲ್ಲಕ್ಕೂ ಸಮಾನ. ಇವು ಗಾಳಿಯಲ್ಲಿರುವ ಆಮ್ಲಜನಕದ ಜಾಗವನ್ನು ಕಬಳಿಸುತ್ತವೆ. ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರುಗಟ್ಟುವ ಭಾವನೆ ಹುಟ್ಟುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಏರಿದಾಗ. ಜಡಾನಿಲವನ್ನು ಉಸಿರಾಡುವವರ ದೇಹದಿಂದ ಅದು ಎಂದಿನಂತೆ ಹೊರಹೋಗುತ್ತಲೇ ಇರುತ್ತದೆ. ಆದ್ದರಿಂದ ಮನುಷ್ಯ ಒದ್ದಾಡುವುದಿಲ್ಲ, ನೇರವಾಗಿ ಕುಸಿಯುತ್ತಾನೆ. ಬಲೂನಿನ ಹೀಲಿಯಂ ಎಳೆದುಕೊಂಡು ಕೀರಲು ದನಿಯಲ್ಲಿ ಮಾತನಾಡುವ ಆಟ ನನಗೆ ಎಂದೂ ತಮಾಷೆಯಾಗಿ ಕಂಡಿಲ್ಲ. ಸಿಲಿಂಡರಿಗೇ ಬಾಯಿ ಹಚ್ಚುವವರ ಶ್ವಾಸಕೋಶ ಒತ್ತಡಕ್ಕೆ ಹರಿದು, ಅನಿಲ ರಕ್ತನಾಳಕ್ಕೆ ನುಗ್ಗಬಹುದು.

ಹೀಲಿಯಾಕ್ಸ್ ಕೊಡುವಾಗ

ಹೀಲಿಯಂ ಮತ್ತು ಆಮ್ಲಜನಕದ ಮಿಶ್ರಣಕ್ಕೆ ಹೀಲಿಯಾಕ್ಸ್ ಎನ್ನುತ್ತೇವೆ. ಉಸಿರಾಟದ ತೊಂದರೆಗೆ ಇದನ್ನು ಬಳಸಬಹುದೆಂದು 1930ರ ದಶಕದಲ್ಲಿ ತೋರಿಸಿದವರು ಅಮೆರಿಕದ ವೈದ್ಯ ಆಲ್ವನ್ ಬರಾಕ್. ಇಲ್ಲಿ ದುಡಿಯುವುದು ಹಗುರ. 80 ಪಾಲು ಹೀಲಿಯಂ, 20 ಪಾಲು ಆಮ್ಲಜನಕ ಇರುವ ಮಿಶ್ರಣದ ಸಾಂದ್ರತೆ ಗಾಳಿಯದರ ಸುಮಾರು ಮೂರನೆಯ ಒಂದು ಭಾಗ. ಗಂಟಲು ಅಥವಾ ಶ್ವಾಸನಾಳ ಊದಿಕೊಂಡು ಕಿರಿದಾದಾಗ ಗಾಳಿ ಅಲ್ಲಿ ಸುಳಿಸುಳಿಯಾಗಿ ನುಗ್ಗುತ್ತದೆ. ಆ ಸುಳಿಯ ಹರಿವಿಗೆ ಎದುರಾಗುವ ತಡೆ ಸಾಂದ್ರತೆಯನ್ನು ಅವಲಂಬಿಸಿದೆ. ಅನಿಲ ಹಗುರವಾದರೆ ಅದೇ ಕಿರಿದಾದ ದಾರಿಯಲ್ಲಿ ಕಡಿಮೆ ಶ್ರಮದಿಂದ ಉಸಿರು ಹೋಗುತ್ತದೆ. ಹೀಲಿಯಂನ ಸ್ನಿಗ್ಧತೆ ಗಾಳಿಯದಕ್ಕಿಂತ ತುಸು ಹೆಚ್ಚೇ ಇರುವುದರಿಂದ, ಹರಿವು ಮೊದಲೇ ನಯವಾಗಿರುವ ಸಣ್ಣ ಕವಲುಗಳಲ್ಲಿ ಇದರಿಂದ ಲಾಭವಿಲ್ಲ. ಹಾಗಾಗಿ ಮಕ್ಕಳ ಕ್ರೂಪ್ (ಗಂಟಲ ದಾರಿ ಊದಿಕೊಳ್ಳುವ ಕಾಯಿಲೆ), ಉಸಿರಾಟದ ನಳಿಕೆ ತೆಗೆದ ಮೇಲೆ ಬರುವ ಕರ್ಕಶ ಉಸಿರು, ಶ್ವಾಸನಾಳವನ್ನು ಒತ್ತುವ ಗೆಡ್ಡೆ, ಇಂಥ ಕಡೆ ಇದನ್ನು ನೆನಪಿಸಿಕೊಳ್ಳಿ. ಇದು ಊತವನ್ನು ಇಳಿಸುವುದಿಲ್ಲ. ಸ್ಟೆರಾಯಿಡ್ ಕೆಲಸ ಶುರುಮಾಡುವವರೆಗೆ, ಶಸ್ತ್ರಚಿಕಿತ್ಸಕರು ಬರುವವರೆಗೆ ಸಮಯ ಕೊಡಿಸುತ್ತದೆ, ಅಷ್ಟೇ. ಆ ಸಮಯವೇ ಕೆಲವೊಮ್ಮೆ ಎಲ್ಲವೂ ಆಗಿರುತ್ತದೆ.

ಮೊದಲು ರೋಗಿಗೆ ಎಷ್ಟು ಆಮ್ಲಜನಕ ಬೇಕಾಗಿದೆ ನೋಡಿ. ಶೇ 40ಕ್ಕಿಂತ ಹೆಚ್ಚು ಬೇಕಿದ್ದರೆ ಹೀಲಿಯಾಕ್ಸ್ ಆಸೆ ಬಿಡಿ. ಆಮ್ಲಜನಕ ಏರಿಸಿದಷ್ಟೂ ಮಿಶ್ರಣ ಭಾರವಾಗಿ ಅದರ ಪ್ರಯೋಜನವೇ ಕರಗಿಹೋಗುತ್ತದೆ. ಶೇ 30 ಸಾಕಾಗುವವರಿಗೆ 70:30ರ ಸಿಲಿಂಡರ್ ತರಿಸಿ. ಮೊದಲೇ ಬೆರೆಸಿದ ಸಿಲಿಂಡರನ್ನೇ ಕೇಳಿ. ಶುದ್ಧ ಹೀಲಿಯಂ ಸಿಲಿಂಡರು ರೋಗಿಯ ಮಂಚದ ಹತ್ತಿರ ಸುಳಿಯಲೂಬಾರದು. ಸಿಲಿಂಡರಿನ ಬಣ್ಣ ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಆದ್ದರಿಂದ ಲೇಬಲ್ಲನ್ನು ಓದಿ, ಜೊತೆಗಿರುವವರಿಂದಲೂ ಓದಿಸಿ. ರೋಗಿಯ ಮಾಸ್ಕಿನ ಬಳಿ ಆಮ್ಲಜನಕ ಮಾಪಕ ಇಡುವ ಅನುಕೂಲವಿದ್ದರೆ ಬಿಡಬೇಡಿ.

ಮಾಸ್ಕ್ ಮುಖಕ್ಕೆ ಗಟ್ಟಿಯಾಗಿ ಕೂರಬೇಕು, ಅದಕ್ಕೆ ಚೀಲವೂ ಇರಬೇಕು, ಉಸಿರು ಎಳೆದಾಗ ಆ ಚೀಲ ಪೂರ್ತಿ ಬತ್ತಬಾರದು. ಪಕ್ಕದಿಂದ ಕೋಣೆಯ ಗಾಳಿ ನುಸುಳಿದರೆ ಮಿಶ್ರಣದ ಹಗುರ ಅಲ್ಲಿಗೆ ಮುಗಿಯಿತು. ಸಾಮಾನ್ಯ ಮೂಗಿನ ನಳಿಕೆಯಲ್ಲಿ ಹೀಲಿಯಾಕ್ಸ್ ಕೊಟ್ಟು ‘ಉಪಯೋಗವಾಗಲಿಲ್ಲ’ ಎನ್ನುವವರನ್ನು ನೋಡಿದ್ದೇನೆ. ಆ ಹೀಲಿಯಂ ಕೋಣೆಗೆ ಹೋಯಿತೇ ಹೊರತು ರೋಗಿಗೆ ಹೋಗಲಿಲ್ಲ. ರೋಗಿಯ ದನಿ ಕೀರಲಾಗಿದ್ದರೆ ಮಾಸ್ಕ್ ಸರಿಯಾಗಿ ಕೂತಿದೆ ಎಂದು ನನಗೆ ಅರ್ಧ ಸಮಾಧಾನ.

ಇನ್ನು ಹರಿವಿನ ಮಾಪಕ. ಗಾಜಿನ ಕೊಳವೆಯೊಳಗೆ ತೇಲುವ ಗುಂಡು ಆಮ್ಲಜನಕದ ತೂಕಕ್ಕೆ ಹೊಂದಿಸಿದ್ದು. ಹಗುರ ಅನಿಲ ಅದೇ ಗುಂಡನ್ನು ಅಷ್ಟೇ ಎತ್ತರಕ್ಕೆ ಎತ್ತಬೇಕಾದರೆ ಹೆಚ್ಚು ಪ್ರಮಾಣದಲ್ಲಿ ಹರಿಯಬೇಕು. ಆದ್ದರಿಂದ 80:20 ಮಿಶ್ರಣವಾದರೆ ಮಾಪಕ ತೋರಿಸಿದ್ದನ್ನು 1.8ರಿಂದ ಗುಣಿಸಿ, 70:30 ಆದರೆ 1.6ರಿಂದ. ಗುಂಡು 10ರಲ್ಲಿ ನಿಂತಿದ್ದರೆ ನಿಜವಾಗಿ ಹರಿಯುತ್ತಿರುವುದು ನಿಮಿಷಕ್ಕೆ 18 ಲೀಟರ್. ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ ಎಂಬ ಲೆಕ್ಕವನ್ನೂ ಇದರಿಂದಲೇ ಹಾಕಿ, ಇಲ್ಲದಿದ್ದರೆ ಅಂದುಕೊಂಡದ್ದಕ್ಕಿಂತ ಬಹಳ ಮೊದಲೇ ಅದು ಖಾಲಿಯಾಗಿ ನಿಮ್ಮ ಮುಖ ನೋಡುತ್ತದೆ. ಎರಡನೆಯ ಸಿಲಿಂಡರ್ ಬಂದು ನಿಂತ ಮೇಲೆಯೇ ಮೊದಲನೆಯದನ್ನು ತೆರೆಯಿರಿ.

ನೆಬ್ಯುಲೈಸರನ್ನು ಹೀಲಿಯಾಕ್ಸ್‌ನಿಂದ ನಡೆಸುವುದಾದರೆ ಹರಿವನ್ನು ಹೆಚ್ಚಿಸಲೇಬೇಕು. ಹಗುರ ಅನಿಲಕ್ಕೆ ಔಷಧದ ದ್ರವವನ್ನು ಹನಿಯಾಗಿ ಒಡೆಯುವ ತಾಕತ್ತು ಕಡಿಮೆ. ವೆಂಟಿಲೇಟರಿಗೆ ಜೋಡಿಸುವ ಮುನ್ನ ಆ ಯಂತ್ರ ಹೀಲಿಯಂಗೆ ಹೊಂದಿಸಿದ್ದೇ ಎಂದು ಕೈಪಿಡಿ ತೆರೆದು ನೋಡಿ. ಹೊಂದಿಸದ ಯಂತ್ರ ಪ್ರತಿ ಉಸಿರಿನ ಪ್ರಮಾಣವನ್ನು ತಪ್ಪಾಗಿ ಅಳೆಯುತ್ತದೆ, ಎಚ್ಚರಿಕೆಯ ಗಂಟೆಯನ್ನೂ ಸುಳ್ಳಾಗಿ ಬಾರಿಸುತ್ತದೆ ಅಥವಾ ಬಾರಿಸಬೇಕಾದಾಗ ಬಾರಿಸುವುದಿಲ್ಲ. ಹಸುಗೂಸುಗಳಿಗೆ ಕೊಡುವಾಗ ಅನಿಲವನ್ನು ಬೆಚ್ಚಗೆ ಮಾಡಿ, ತೇವ ಸೇರಿಸಿ ಕೊಡಿ. ಹೀಲಿಯಂ ಗಾಳಿಗಿಂತ ಸುಮಾರು ಆರು ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ, ಮಗುವಿನ ಮೈ ತಣ್ಣಗಾಗಲು ಹೆಚ್ಚು ಹೊತ್ತು ಬೇಕಿಲ್ಲ.

ಫಲ ಕಾಣುವುದಿದ್ದರೆ ನಿಮಿಷಗಳಲ್ಲೇ ಕಾಣುತ್ತದೆ. ಕತ್ತಿನ ಸ್ನಾಯುಗಳ ಎಳೆತ ಸಡಿಲವಾಗುತ್ತದೆ, ಪಕ್ಕೆಲುಬಿನ ಸಂದು ಒಳಗೆ ಸೆಳೆಯುವುದು ಕಡಿಮೆಯಾಗುತ್ತದೆ, ಮಗು ಅಳುವುದನ್ನು ಬಿಟ್ಟು ಸುತ್ತ ನೋಡುತ್ತದೆ. ಏನೂ ಬದಲಾಗದಿದ್ದರೆ ಇನ್ನೊಂದು ಗಂಟೆ ನೋಡೋಣ ಎಂದು ಕೂರಬೇಡಿ. ನಳಿಕೆ ಹಾಕುವ ತಯಾರಿಗೆ ಇಳಿಯಿರಿ.

ಹೀಲಿಯಂ ಸಿಗುವ ಇನ್ನುಳಿದ ಜಾಗಗಳು

ಕ್ಯಾತ್ ಲ್ಯಾಬಿನಲ್ಲಿ ಸೋತ ಹೃದಯಕ್ಕೆ ಆಸರೆಯಾಗಿ ಮಹಾಪಧಮನಿಯೊಳಗೆ ಬಲೂನ್ ಪಂಪ್ ಹಾಕುತ್ತಾರೆ. ಹೃದಯದ ಪ್ರತಿ ಬಡಿತಕ್ಕೂ ಅದು ಉಬ್ಬಿ ಕುಗ್ಗಬೇಕಾದ್ದರಿಂದ ಸಪೂರ ಕೊಳವೆಯಲ್ಲಿ ತಟ್ಟನೆ ಓಡಾಡುವ ಹೀಲಿಯಂ ಬೇಕು. ಇಲ್ಲಿ ನಿಮ್ಮ ಕಣ್ಣಿರಬೇಕಾದದ್ದು ಆ ಪಾರದರ್ಶಕ ಕೊಳವೆಯ ಮೇಲೆ. ಅದರೊಳಗೆ ರಕ್ತದ ಎಳೆಯೋ ಕಂದು ಬಣ್ಣದ ಪುಡಿಯೋ ಕಂಡರೆ ಬಲೂನ್ ಹರಿದಿದೆ ಎಂದರ್ಥ. ತಕ್ಷಣ ಪಂಪ್ ನಿಲ್ಲಿಸಿ, ಹಾಕಿದವರನ್ನು ಕರೆಸಿ. ಹೀಲಿಯಂ ರಕ್ತದಲ್ಲಿ ಕರಗುವುದು ತೀರಾ ಕಡಿಮೆ. ರಕ್ತನಾಳಕ್ಕೆ ಸೋರಿದ ಗುಳ್ಳೆ ಬೇಗ ಮಾಯವಾಗುವುದಿಲ್ಲ.

ಕರಗದ ಆ ಗುಣವೇ ಶ್ವಾಸಕೋಶದ ಪರೀಕ್ಷಾ ಕೊಠಡಿಯಲ್ಲಿ ವರ. ಪೂರ್ತಿ ಉಸಿರು ಬಿಡದೆ ಸಹಜವಾಗಿ ಬಿಟ್ಟ ಕೊನೆಗೆ ಎದೆಯಲ್ಲಿ ಎಷ್ಟು ಗಾಳಿ ಉಳಿದಿರುತ್ತದೆ ಎಂದು ಊದಿಸಿ ಅಳೆಯಲಾಗದು. ಆ ಕ್ಷಣದಲ್ಲಿ ರೋಗಿಯನ್ನು ಯಂತ್ರಕ್ಕೆ ಜೋಡಿಸಿ. ಯಂತ್ರದಲ್ಲಿ 3 ಲೀಟರ್ ಅನಿಲ, ಅದರಲ್ಲಿ ಶೇ 10 ಹೀಲಿಯಂ ಇತ್ತೆನ್ನಿ. ಕೆಲವು ನಿಮಿಷ ಉಸಿರಾಡಿಸಿದ ಮೇಲೆ ಹೀಲಿಯಂ ಶೇ 6ಕ್ಕೆ ಇಳಿದು ನಿಂತಿತು. ಮೂರನ್ನು ಹತ್ತರಿಂದ ಗುಣಿಸಿ ಆರರಿಂದ ಭಾಗಿಸಿದರೆ 5 ಲೀಟರ್. ಯಂತ್ರದ 3 ಕಳೆದರೆ ರೋಗಿಯ ಎದೆಯದು 2 ಲೀಟರ್. ಹೀಲಿಯಂ ಒಂದು ಮಟ್ಟದಲ್ಲಿ ನಿಲ್ಲದೆ ಇಳಿಯುತ್ತಲೇ ಇದ್ದರೆ ಸೋರಿಕೆ ಹುಡುಕಿ: ಬಾಯಿ, ಮೂಗಿನ ಕ್ಲಿಪ್ಪು, ಆಮೇಲೆ ಕಿವಿ. ತೂತಾದ ಕಿವಿತಮಟೆಯ ಮೂಲಕವೂ ಹೀಲಿಯಂ ಪಾರಾಗುತ್ತದೆ, ನಂಬಿ. ಎಂಫಿಸೀಮಾ (ಶ್ವಾಸಕೋಶದ ಗಾಳಿಗೂಡುಗಳು ಹಾಳಾಗುವ ಕಾಯಿಲೆ) ಇರುವವರಲ್ಲಿ ಮುಚ್ಚಿಹೋದ ಗುಳ್ಳೆಗಳಿಗೆ ಹೀಲಿಯಂ ತಲುಪದ ಕಾರಣ ಉತ್ತರ ನಿಜಕ್ಕಿಂತ ಕಡಿಮೆ ಬರುತ್ತದೆ.

ಎಂಆರ್‌ಐ ಕೋಣೆಯಲ್ಲಿ ದುಡಿಯುವುದು ತಂಪು. ದ್ರವ ಹೀಲಿಯಂ ಕುದಿಯುವುದು ಮೈನಸ್ 269 ಡಿಗ್ರಿಯಲ್ಲಿ; ಆ ತಂಪಿನಲ್ಲೇ ಅಯಸ್ಕಾಂತದ ನಿಯೋಬಿಯಂ-ಟೈಟಾನಿಯಂ ತಂತಿ ತಡೆಯೇ ಇಲ್ಲದೆ ವಿದ್ಯುತ್ ಹರಿಸುತ್ತದೆ. ಅಯಸ್ಕಾಂತ ಏಕಾಏಕಿ ಬಿಸಿಯಾದರೆ ದ್ರವವೆಲ್ಲ ಭೋರ್ಗರೆದು ಅನಿಲವಾಗುತ್ತದೆ, ಒಂದು ಲೀಟರ್ ಸುಮಾರು 750 ಲೀಟರ್ ಆಗಿ. ಇದಕ್ಕೆ ಕ್ವೆಂಚ್ ಎನ್ನುತ್ತಾರೆ. ಅದು ಕೊಳವೆಯ ಮೂಲಕ ಕಟ್ಟಡದ ಹೊರಗೆ ಹೋಗಬೇಕು. ಕೊಳವೆ ಕಟ್ಟಿದ್ದರೆ ಕೋಣೆಗೆ ನುಗ್ಗುತ್ತದೆ. ಬಿಳಿ ಮಂಜು ಇಳಿದರೆ ಅಥವಾ ಆಮ್ಲಜನಕದ ಅಲಾರಾಂ ಬಡಿದುಕೊಂಡರೆ ಬಾಗಿಲು ತೆರೆದು, ರೋಗಿಯನ್ನು ಹೊರಗೆ ಎಳೆದು, ನೀವೂ ಬಗ್ಗಿ ಹೊರಬನ್ನಿ. ಹೀಲಿಯಂ ಮೇಲಕ್ಕೇರುವುದರಿಂದ ನೆಲದ ಹತ್ತಿರ ಉಸಿರಾಡುವ ಗಾಳಿ ಇರುತ್ತದೆ. ಒಳಗೆ ರೋಗಿಯ ಹೃದಯ ನಿಂತರೆ ಕ್ವೆಂಚ್ ಗುಂಡಿಯತ್ತ ಕೈ ಹೋಗಬಾರದು. ಎದೆಯೊತ್ತಲು ಶುರುಮಾಡಿ ರೋಗಿಯನ್ನೇ ಹೊರಗೆ ತನ್ನಿ. ಆ ಗುಂಡಿ ಇರುವುದು ಲೋಹದ ವಸ್ತುವೊಂದು ಮನುಷ್ಯನನ್ನು ಅಯಸ್ಕಾಂತಕ್ಕೆ ಒತ್ತಿ ಹಿಡಿದಾಗ. ಒತ್ತಿದ ಕ್ಷಣವೇ ಕಾಂತಕ್ಷೇತ್ರ ಮಾಯವಾಗುವುದಿಲ್ಲ ಎಂಬುದನ್ನೂ ನೆನಪಿಡಿ.

ಆರ್ಗಾನ್: ಕಿಡಿ ಮತ್ತು ಮಂಜುಗಡ್ಡೆ

ಗಾಳಿಯಲ್ಲಿ ಶೇ 0.93ರಷ್ಟು ಆರ್ಗಾನ್ ಇದೆ, ಹಾಗಾಗಿ ಈ ಗುಂಪಿನಲ್ಲಿ ಅಗ್ಗದ್ದು ಇದೇ. ಎಂಡೋಸ್ಕೋಪಿಯಲ್ಲಿ ಕೊಳವೆಯ ತುದಿಯಿಂದ ಆರ್ಗಾನ್ ಹರಿಸಿ, ಅದರೊಳಗೆ ಅಧಿಕ ಆವರ್ತನದ ವಿದ್ಯುತ್ ಕೊಟ್ಟರೆ ಅನಿಲ ಪ್ಲಾಸ್ಮಾ ಆಗುತ್ತದೆ, ಕಿಡಿ ಹಾರಿ ಜಿನುಗುವ ರಕ್ತನಾಳ ಸುಟ್ಟು ಮುಚ್ಚುತ್ತದೆ. ಸುಟ್ಟ ಜಾಗ ವಿದ್ಯುತ್ತಿಗೆ ತಡೆಯೊಡ್ಡುವುದರಿಂದ ಕಿಡಿ ತಾನಾಗಿ ಪಕ್ಕದ ಹಸಿ ಜಾಗಕ್ಕೆ ಹಾರುತ್ತದೆ, ಆಳಕ್ಕೆ ಕೊರೆಯುವುದಿಲ್ಲ. ನನಗೆ ಬಹಳ ಇಷ್ಟವಾದ ಉಪಕರಣ ಇದು. ತುದಿಯನ್ನು ಅಂಗಾಂಶಕ್ಕೆ ತಾಗಿಸಬೇಡಿ. ಕೆಲವು ಮಿಲಿಮೀಟರ್ ಅಂತರ ಬಿಡಿ. ತಾಗಿಸಿದರೆ ಅನಿಲ ಕರುಳಿನ ಗೋಡೆಯೊಳಗೇ ನುಗ್ಗುತ್ತದೆ. ನಡುನಡುವೆ ಹೀರಿ ತೆಗೆಯುತ್ತಿರಿ, ಇಲ್ಲದಿದ್ದರೆ ಹೊಟ್ಟೆ ಉಬ್ಬಿ ನನ್ನ ಕಡೆ ಉಸಿರಾಟಕ್ಕೆ ಕಷ್ಟವಾಗುತ್ತದೆ. ದೊಡ್ಡ ಕರುಳಿನಲ್ಲಿ ಮಾಡುವ ಮುನ್ನ ಪೂರ್ತಿ ಶುಚಿ ಆಗಿರಲೇಬೇಕು, ಎನಿಮಾ ಮಾತ್ರ ಸಾಲದು. ಆರ್ಗಾನ್ ಉರಿಯುವುದಿಲ್ಲ ನಿಜ, ಆದರೆ ಕರುಳಿನ ಮೀಥೇನ್ ಮತ್ತು ಜಲಜನಕ ಸಿಡಿಯುತ್ತವೆ. ಶ್ವಾಸನಾಳದಲ್ಲಿ ಕಿಡಿ ಹಾರಿಸುವುದಾದರೆ ಮೊದಲು ನನಗೆ ಹೇಳಿ. ಆಮ್ಲಜನಕವನ್ನು ಶೇ 40ಕ್ಕಿಂತ ಕೆಳಗಿಳಿಸಿ ‘ಈಗ’ ಎಂದ ಮೇಲೆ ಪೆಡಲ್ ಒತ್ತಿ.

ಮೂತ್ರಪಿಂಡದ ಸಣ್ಣ ಗೆಡ್ಡೆಯನ್ನು ಹೆಪ್ಪುಗಟ್ಟಿಸಿ ಕೊಲ್ಲುವ ಕ್ರಯೋಅಬ್ಲೇಷನ್‌ನಲ್ಲಿ ಇದೇ ಆರ್ಗಾನ್ ಇನ್ನೊಂದು ವೇಷದಲ್ಲಿ ಬರುತ್ತದೆ. ಅತಿ ಒತ್ತಡದ ಆರ್ಗಾನ್ ಸೂಜಿಯ ತುದಿಯ ಕಿರುಕೋಣೆಯಲ್ಲಿ ಹಿಗ್ಗಿದಾಗ ವಿಪರೀತ ತಣ್ಣಗಾಗುತ್ತದೆ. ಅದೇ ಸೂಜಿಯಲ್ಲಿ ಹೀಲಿಯಂ ಹಿಗ್ಗಿಸಿದರೆ ಬೆಚ್ಚಗಾಗುತ್ತದೆ. ಒಂದೇ ಕೊಳವೆ, ಒಂದೇ ಕೆಲಸ, ಫಲ ಮಾತ್ರ ತದ್ವಿರುದ್ಧ: ಕೋಣೆಯ ತಾಪದಲ್ಲಿ ಹಿಗ್ಗುವಾಗ ತಣಿಯುವ ಅನಿಲಗಳ ಸಾಲಿನಲ್ಲಿ ಆರ್ಗಾನ್ ಇದೆ, ಹೀಲಿಯಂ ಇಲ್ಲ. ಮಂಜುಗಡ್ಡೆಯ ಉಂಡೆ ಸಿಟಿ ಸ್ಕ್ಯಾನಿನಲ್ಲಿ ಕಪ್ಪಗೆ ಬೆಳೆಯುವುದು ಕಾಣುತ್ತದೆ. ಉಂಡೆಯ ಅಂಚಿನಲ್ಲಿ ತಾಪ ಸುಮಾರು ಸೊನ್ನೆ ಡಿಗ್ರಿ ಮಾತ್ರ. ಜೀವಕೋಶ ಖಚಿತವಾಗಿ ಸಾಯಲು ಮೈನಸ್ 40ರ ಹತ್ತಿರ ಬೇಕು. ಆದ್ದರಿಂದ ಉಂಡೆ ಗೆಡ್ಡೆಯ ಅಂಚು ದಾಟಿ ಕನಿಷ್ಠ 5 ಮಿಲಿಮೀಟರ್ ಬೆಳೆಯಲಿ. ಹೆಪ್ಪುಗಟ್ಟಿಸಿ, ಕರಗಿಸಿ, ಮತ್ತೆ ಹೆಪ್ಪುಗಟ್ಟಿಸುವುದು ಕ್ರಮ. ಪೂರ್ತಿ ಕರಗುವ ಮೊದಲು ಸೂಜಿ ಎಳೆದರೆ ಅಂಗಾಂಶ ಬಿರಿದು ರಕ್ತ ಸುರಿಯುತ್ತದೆ.

ನಿಯಾನಿನ ಪಾಲು ಚಿಕ್ಕದು. ಕಣ್ಣಿಗೆ ಕಾಣದ ಲೇಸರ್ ಎಲ್ಲಿ ಬೀಳುತ್ತದೆಂದು ತೋರಿಸಲು ಹೀಲಿಯಂ-ನಿಯಾನ್ ಲೇಸರಿನ ಕೆಂಪು ಚುಕ್ಕೆ ಬಳಸುವುದಿತ್ತು, 632.8 ನ್ಯಾನೋಮೀಟರಿನದು. ಕಾರ್ನಿಯ ಕೆತ್ತಿ ಕನ್ನಡಕ ಬಿಡಿಸುವ ಲೇಸರ್ ಆರ್ಗಾನ್-ಫ್ಲೋರಿನ್‌ನದು, 193 ನ್ಯಾನೋಮೀಟರ್. ತೊನ್ನಿಗೆ ಬಳಸುವುದು ಕ್ಸೆನಾನ್-ಕ್ಲೋರಿನ್‌ನದು, 308.

ಕ್ಸೆನಾನ್

ಇಲ್ಲಿಗೆ ಬಂದಾಗ ನನ್ನ ಪಕ್ಷಪಾತ ಮುಚ್ಚಿಡಲಾರೆ. ಯಾವುದರೊಂದಿಗೂ ಬೆರೆಯದ ಅನಿಲವೊಂದು ಮನುಷ್ಯನನ್ನು ನಿದ್ರೆಗೆ ತಳ್ಳುತ್ತದೆ! ಕ್ಸೆನಾನಿನ ಎಲೆಕ್ಟ್ರಾನ್ ಮೋಡ ದೊಡ್ಡದು, ಸುಲಭವಾಗಿ ಓಲಾಡುವಂಥದ್ದು. ಅದು ಕೊಬ್ಬಿನಲ್ಲಿ ಕರಗುತ್ತದೆ, ಮಿದುಳಿನ ಎನ್‌ಎಂಡಿಎ ಎಂಬ ಸಂದೇಶ ಗ್ರಾಹಕದ ಪೊಟರೆಯಲ್ಲಿ ರಾಸಾಯನಿಕ ಬಂಧವಿಲ್ಲದೆಯೇ ಹೋಗಿ ಕೂರುತ್ತದೆ. ಹೀಲಿಯಂಗೆ ಈ ಶಕ್ತಿ ಇಲ್ಲ, ಅದಕ್ಕೇ ಆಳಸಮುದ್ರದ ಮುಳುಗುಗಾರರು ಮಂಪರು ತರಿಸುವ ಸಾರಜನಕದ ಬದಲು ಅದನ್ನು ಉಸಿರಾಡುತ್ತಾರೆ. ಮನುಷ್ಯರಿಗೆ ಕ್ಸೆನಾನ್ ಅರಿವಳಿಕೆ ಕೊಟ್ಟ ವರದಿಯನ್ನು ಕಲನ್ ಮತ್ತು ಗ್ರಾಸ್ 1951ರಲ್ಲಿ ಪ್ರಕಟಿಸಿದರು.

ರಕ್ತದಲ್ಲಿ ಕರಗುವ ಅದರ ಗುಣಾಂಕ 0.115, ಹಳೆಯ ಅರಿವಳಿಕೆ ಅನಿಲ ನೈಟ್ರಸ್ ಆಕ್ಸೈಡಿನದು 0.47. ರಕ್ತದಲ್ಲಿ ಇಷ್ಟು ಕಡಿಮೆ ಕರಗುವುದರಿಂದ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ರೋಗಿ ಕಣ್ಣು ತೆರೆಯುತ್ತಾನೆ. ರಕ್ತದೊತ್ತಡವೂ ಅಷ್ಟಾಗಿ ಕುಸಿಯುವುದಿಲ್ಲ. ಬಳಸುವುದಾದರೆ, ಮೊದಲು ಶುದ್ಧ ಆಮ್ಲಜನಕ ಕೊಟ್ಟು ದೇಹದ ಸಾರಜನಕವನ್ನು ತೊಳೆಯಿರಿ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ 0.087 ಪಾಲು ಮಾತ್ರ ಇರುವ ಈ ಅನಿಲವನ್ನು ಪೋಲು ಮಾಡಲಾಗದೆ ಮುಚ್ಚಿದ ಸರ್ಕ್ಯೂಟಿನಲ್ಲಿ ಸುತ್ತಿಸುತ್ತೇವೆ. ತೊಳೆಯದ ಸಾರಜನಕ ಅಲ್ಲಿಯೇ ಶೇಖರವಾಗಿ ಕ್ಸೆನಾನನ್ನು ತೆಳುವಾಗಿಸುತ್ತದೆ. ಶೇ 60ರಿಂದ 65 ಕ್ಸೆನಾನ್ ಬೇಕಾಗುವುದರಿಂದ ಹೆಚ್ಚು ಆಮ್ಲಜನಕ ಬೇಕಾದವರಿಗೆ ಇದು ಆಗದು. ಥಿಯೇಟರಿನ ಸಾಮಾನ್ಯ ಅನಿಲ ಮಾಪಕ ಅತಿಗೆಂಪು ಬೆಳಕಿನಿಂದ ಅಳೆಯುತ್ತದೆ, ಒಂಟಿ ಪರಮಾಣುವಿನ ಕ್ಸೆನಾನ್ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಉಷ್ಣವಾಹಕತೆ ಅಳೆಯುವ ಮಾಪಕ ಇಲ್ಲದಿದ್ದರೆ ಶುರುಮಾಡಬೇಡಿ. ಗಾಳಿಗಿಂತ ನಾಲ್ಕೂವರೆ ಪಟ್ಟು ಭಾರವಾದ್ದರಿಂದ ಶ್ವಾಸನಾಳದ ಒತ್ತಡ ಏರುತ್ತದೆ, ಹೀಲಿಯಾಕ್ಸ್‌ನ ಪೂರ್ತಿ ಉಲ್ಟಾ. ಎದ್ದ ಮೇಲೆ ಓಕರಿಕೆ ಸ್ವಲ್ಪ ಜಾಸ್ತಿ, ಔಷಧ ಮೊದಲೇ ಕೊಟ್ಟಿರಿ. ಕ್ರೀಡಾಪಟುಗಳ ವೈದ್ಯರಿಗೊಂದು ಮಾತು: ಕ್ಸೆನಾನ್ 2014ರಿಂದ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ ನಿಷೇಧಿತ ಪಟ್ಟಿಯಲ್ಲಿದೆ. ಜೊತೆಗೇ ಸೇರಿದ್ದ ಆರ್ಗಾನನ್ನು 2020ರಲ್ಲಿ ಕೈಬಿಟ್ಟರು.

ಶ್ವಾಸಕೋಶದ ಚಿತ್ರಣಕ್ಕೂ ಇದೇ ಅನಿಲ. ವಿಕಿರಣವಿಲ್ಲದ ಕ್ಸೆನಾನ್-129ರ ಪರಮಾಣುಗಳ ಭ್ರಮಣವನ್ನು ಲೇಸರ್ ಮತ್ತು ರುಬಿಡಿಯಂ ಆವಿಯ ಸಹಾಯದಿಂದ ಒಂದೇ ದಿಕ್ಕಿಗೆ ತಿರುಗಿಸಿ, ಚೀಲದಲ್ಲಿ ತುಂಬಿ, ರೋಗಿಗೆ ಉಸಿರೆಳೆಸಿ ಎಂಆರ್‌ಐ ತೆಗೆಯುತ್ತಾರೆ. ಅಮೆರಿಕದಲ್ಲಿ 2022ರ ಕೊನೆಗೆ 12 ವರ್ಷ ಮೇಲ್ಪಟ್ಟವರಿಗೆ ಅನುಮತಿ ದೊರೆಯಿತು. ಚೀಲವನ್ನು ತಡಮಾಡದೆ ಕೊಡಿ, ಗಾಳಿ ಸೇರಿಸಬೇಡಿ. ಆಮ್ಲಜನಕ ತಾಕಿದಂತೆ ಆ ಜೋಡಣೆ ಕೆಡುತ್ತದೆ. ರೋಗಿಗೆ ಉಸಿರು ಹಿಡಿಯುವ ಅಭ್ಯಾಸವನ್ನು ಹೊರಗೇ ಮಾಡಿಸಿ: ಎಳೆ, ಹತ್ತು-ಹದಿನೈದು ಸೆಕೆಂಡ್ ಹಿಡಿ, ಬಿಡು, ದೊಡ್ಡದಾಗಿ ಉಸಿರಾಡು. ತಲೆ ಒಂದಿಷ್ಟು ಹಗುರವಾದಂತೆ ಅನಿಸಬಹುದು ಎಂದು ಮೊದಲೇ ಹೇಳಿ, ರಕ್ತದ ಆಮ್ಲಜನಕದ ಮಟ್ಟ (ಸ್ಯಾಚುರೇಷನ್) ನೋಡುತ್ತಿರಿ.

ವಿಕಿರಣಶೀಲ ಕ್ಸೆನಾನ್-133 ಹಳೆಯ ಕೈ. ಅರ್ಧಾಯು 5 ದಿನ ಚಿಲ್ಲರೆ, ಗಾಮಾ ಶಕ್ತಿ 81 ಕಿಲೋ ಎಲೆಕ್ಟ್ರಾನ್ ವೋಲ್ಟ್. ಗಾಳಿಯಾಟದ ಈ ಸ್ಕ್ಯಾನನ್ನು ರಕ್ತದ ಹರಿವು ನೋಡಲು ವಿಕಿರಣಶೀಲ ಟೆಕ್ನೀಷಿಯಂ ಚುಚ್ಚುವ ಮೊದಲೇ ಮಾಡಿ ಮುಗಿಸಿ, ಇಲ್ಲದಿದ್ದರೆ ಅದರ 140 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಕಿರಣಗಳ ಚದುರುವಿಕೆ ಇದನ್ನು ಮಸುಕಾಗಿಸುತ್ತದೆ. ಕೋಣೆಯ ಗಾಳಿ ಒಳಗಿಂದ ಹೊರಕ್ಕೆ ಸೋರದಂತೆ ಋಣ ಒತ್ತಡದಲ್ಲಿರಬೇಕು. ಕ್ರಿಪ್ಟಾನ್-81ಎಂ ಇದಕ್ಕಿಂತ ಸಲೀಸು: ಅರ್ಧಾಯು 13 ಸೆಕೆಂಡ್, ರೋಗಿ ಉಸಿರಾಡುತ್ತಲೇ ಇರಬಹುದು. ತೊಡಕೆಂದರೆ ಅದನ್ನು ಕೊಡುವ ರುಬಿಡಿಯಂ ಜನರೇಟರ್ ಒಂದೇ ದಿನದಲ್ಲಿ ಸೋತುಹೋಗುತ್ತದೆ, ರೋಗಿಗಳನ್ನು ಅಂದೇ ಸಾಲಾಗಿ ಕರೆಸಬೇಕು.

ರೇಡಾನ್ ಬಗ್ಗೆ ಹೇಳುವುದು ಕಡಿಮೆ. ಒಂದು ಕಾಲದಲ್ಲಿ ಅದನ್ನು ಚಿನ್ನದ ಪುಟ್ಟ ಕೊಳವೆಗಳಲ್ಲಿ ಮುಚ್ಚಿ ಗೆಡ್ಡೆಯೊಳಗೆ ನೆಡುತ್ತಿದ್ದರು. ಹೆಚ್ಚು ಸುರಕ್ಷಿತ ಐಸೋಟೋಪುಗಳು ಬಂದ ಮೇಲೆ ಆ ಪದ್ಧತಿ ಹೋಯಿತು. ಆಸ್ಟ್ರಿಯದ ಗಾಸ್ಟೈನ್‌ನಂಥ ಕಡೆ ಇಂದಿಗೂ ಕೀಲುನೋವಿಗೆಂದು ರೇಡಾನ್ ತುಂಬಿದ ಸುರಂಗದಲ್ಲಿ ಕೂರುತ್ತಾರೆ. ನನ್ನ ರೋಗಿಗಳಿಗೆ ನಾನದನ್ನು ಹೇಳುವುದಿಲ್ಲ, ಏಕೆಂದರೆ ಧೂಮಪಾನದ ನಂತರ ಶ್ವಾಸಕೋಶದ ಕ್ಯಾನ್ಸರಿಗೆ ದೊಡ್ಡ ಕಾರಣ ಈ ಅನಿಲವೇ. ಬೀಡಿ-ಸಿಗರೇಟು ಮುಟ್ಟದವರಿಗೆ ಆ ಕ್ಯಾನ್ಸರ್ ಬಂದಾಗ ನೆಲದಿಂದ ರೇಡಾನ್ ಒಸರಬಹುದಾದ ಮನೆಯ ನೆಲಮಾಳಿಗೆಯ ಬಗ್ಗೆಯೂ ವಿಚಾರಿಸಿ. ರೇಡಾನ್ ಮಾಪಕವನ್ನು ಅಲ್ಲಿ ಕೆಲವು ತಿಂಗಳು ಇಡಿಸಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಟ್ಟ ಘನಮೀಟರಿಗೆ 100 ಬೆಕ್ವೆರಲ್ (ವಿಕಿರಣಶೀಲತೆಯ ಅಳತೆ). ಅದನ್ನು ಮೀರಿದ್ದರೆ ನೆಲದ ಬಿರುಕುಗಳನ್ನು ಮುಚ್ಚಿಸಿ, ನೆಲದಡಿಯ ಗಾಳಿಯನ್ನು ಕೊಳವೆ ಮತ್ತು ಫ್ಯಾನಿನಿಂದ ಹೊರಗೆ ಎಳೆಸಿ, ಆಮೇಲೆ ಮತ್ತೊಮ್ಮೆ ಅಳೆಯಲು ಹೇಳಿ.